ಇಳಿಯುವ ವಿಮಾನದಲ್ಲಿ ಎತ್ತರ ತಪ್ಪದಂತೆ ಕಾಕ್‌ಪಿಟ್ ಕೆಲಸವನ್ನು ಹೊಂದಿಸಿಕೊಳ್ಳುವ ಬಗೆ

ಪ್ರಯಾಣಿಕ ವಿಮಾನವು 35,000 ಅಡಿಯಿಂದ ಇಳಿಯಲು ತೊಡಗಿ ರನ್‌ವೇ ಮುಟ್ಟುವವರೆಗಿನ ಸುಮಾರು ಅರ್ಧ ಗಂಟೆಯಲ್ಲಿ ಪೈಲಟ್‌ಗಳ ಮೇಲೆ ಕೆಲಸಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಎತ್ತರದ ಅನುಮತಿ ಹಲವು ಸಲ ಬದಲಾಗುತ್ತದೆ, ರೇಡಿಯೋ ಫ್ರೀಕ್ವೆನ್ಸಿ ಬದಲಾಗುತ್ತದೆ, ಕೆಲವೊಮ್ಮೆ ಕೊನೆಯ ಗಳಿಗೆಯಲ್ಲಿ ರನ್‌ವೇಯೇ ಬದಲಾಗುತ್ತದೆ. ಈ ಹೊತ್ತಿನಲ್ಲಿ ಎತ್ತರ ತಪ್ಪಿದರೆ ಅದನ್ನು ಪೈಲಟ್‌ನ ಅಜಾಗರೂಕತೆ ಎಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ. ಅದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಇಂಥ ತಪ್ಪಿನ ಬೇರು ಅನೇಕ ಸಲ ಅರ್ಧಕ್ಕೆ ನಿಂತ ಕೆಲಸದಲ್ಲಿರುತ್ತದೆ. ಆದ್ದರಿಂದ ಏರ್‌ಲೈನ್ ಹಾರಾಟಕ್ಕೆ ಹೊಸದಾಗಿ ಬಂದವರು, ತಮ್ಮ ಸಂಸ್ಥೆಯ ಕಾರ್ಯವಿಧಾನಕ್ಕೆ ಬದ್ಧರಾಗಿದ್ದುಕೊಂಡೇ, ಕೆಲಸ ನಡುವೆ ನಿಂತಾಗ ಏನು ಮಾಡಬೇಕೆಂಬುದನ್ನು ಮೊದಲೇ ರೂಢಿಸಿಕೊಳ್ಳಬೇಕು.

ಇಳಿಯುವ ಮುನ್ನವೇ ಮುಗಿಸಬಹುದಾದ ಕೆಲಸವನ್ನು ಮೇಲೆಯೇ ಮುಗಿಸಿ. ಹವಾಮಾನ ವರದಿ, ಅಪ್ರೋಚ್ ಬ್ರೀಫಿಂಗ್ (ರನ್‌ವೇಯತ್ತ ಹೇಗೆ ಇಳಿಯುತ್ತೇವೆಂದು ಇಬ್ಬರೂ ಮಾತಾಡಿಕೊಳ್ಳುವುದು), ಕನಿಷ್ಠ ಎತ್ತರಗಳು, ಗೋ-ಅರೌಂಡ್ (ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ) ಯೋಜನೆ, ಕ್ಯಾಬಿನ್ ಸಿಬ್ಬಂದಿಗೆ ಹೇಳಬೇಕಾದ ಮಾತು ಇವೆಲ್ಲ ಇಳಿತ ಶುರುವಾಗುವ ಮೊದಲೇ ಆಗಬೇಕು. ಎಲ್ಲಿಂದ ಇಳಿಯಬೇಕೆಂಬ ಲೆಕ್ಕವನ್ನು ಕಂಪ್ಯೂಟರ್ ಕೊಟ್ಟರೂ ಮನಸ್ಸಿನಲ್ಲಿ ಒಮ್ಮೆ ತಾಳೆ ನೋಡಿ: ಕಳೆಯಬೇಕಾದ ಪ್ರತಿ ಸಾವಿರ ಅಡಿಗೆ ಸುಮಾರು 3 ನಾಟಿಕಲ್ ಮೈಲಿ ಬೇಕು, ಅಂದರೆ 30,000 ಅಡಿ ಇಳಿಯಲು ಸುಮಾರು 90 ಮೈಲಿ. ತಡವಾಗಿ ಇಳಿಯತೊಡಗಿದವರು ಆಮೇಲೆ ಆತುರ ಪಡುತ್ತಾರೆ, ಆತುರದಲ್ಲಿ ಪರಿಶೀಲನೆ ಬಿಟ್ಟುಹೋಗುತ್ತದೆ.

ಹೊಸ ಎತ್ತರದ ಅನುಮತಿ ಬಂದಾಗ ಅನುಸರಿಸಬೇಕಾದ ಕ್ರಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ನೆಲದಿಂದ ವಿಮಾನ ಸಂಚಾರವನ್ನು ನಡೆಸುವ ನಿಯಂತ್ರಕರು 6,000 ಅಡಿಗೆ ಇಳಿಯಲು ಹೇಳುತ್ತಾರೆ. ರೇಡಿಯೋ ನೋಡಿಕೊಳ್ಳುವ ಪೈಲಟ್ ಅದನ್ನು ಪೂರ್ತಿಯಾಗಿ ಮರಳಿ ಓದಿ ಹೇಳುತ್ತಾರೆ. ಆಟೋಪೈಲಟ್ ಹಾಕಿ ವಿಮಾನ ಹಾರಿಸುತ್ತಿರುವವರು ಎತ್ತರ ನಮೂದಿಸುವ ಗುಂಡಿ ತಿರುಗಿಸಿ, ಬೆರಳನ್ನು ಅಲ್ಲಿಂದ ತೆಗೆಯದೆ, 6,000 ಎಂದು ಗಟ್ಟಿಯಾಗಿ ಹೇಳುತ್ತಾರೆ. ಇನ್ನೊಬ್ಬರು ತಮ್ಮೆದುರಿನ ಪರದೆಯಲ್ಲಿ ಮೂಡಿದ ಅಂಕಿಯನ್ನು ಓದಿ ಒಪ್ಪಿಗೆ ಕೊಟ್ಟ ಮೇಲಷ್ಟೇ ಬೆರಳು ಸರಿಯುತ್ತದೆ. ನಡುವೆ ಬೇರೆ ಮಾತು ಬಂದರೆ ಬೆರಳು ಅಲ್ಲೇ ಇರಲಿ. ಕೆಲಸ ಮುಗಿದಿಲ್ಲವೆಂಬುದಕ್ಕೆ ಅದೇ ಗುರುತು. ಇಬ್ಬರಲ್ಲಿ ಒಬ್ಬರಿಗೆ 10,000 ಎಂದೂ ಇನ್ನೊಬ್ಬರಿಗೆ 11,000 ಎಂದೂ ಕೇಳಿಸಿದ್ದರೆ ಚರ್ಚೆ ಬೇಡ, ನಿಯಂತ್ರಕರನ್ನೇ ಮತ್ತೆ ಕೇಳಿ.

ಅನುಮತಿಯನ್ನು ಕೇಳಿದವರಿಗೂ ವಿಮಾನ ಹಾರಿಸುವವರಿಗೂ ನಡುವೆ ಸಂಖ್ಯೆ ಕಳೆದುಹೋದರೆ ಏನಾಗುತ್ತದೆಂಬುದನ್ನು 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ನಡೆದ ದುರಂತ ತೋರಿಸಿತು. 15,000 ಅಡಿಯವರೆಗೆ ಮಾತ್ರ ಇಳಿಯಲು ಅನುಮತಿಯಿದ್ದ ಕಝಾಕ್‌ಸ್ತಾನದ ಇಲ್ಯೂಶಿನ್-76 ಅದಕ್ಕಿಂತ ಕೆಳಗಿಳಿದು, 14,000 ಅಡಿಗೆ ಅನುಮತಿ ಪಡೆದು ಎದುರಿನಿಂದ ಬರುತ್ತಿದ್ದ ಸೌದಿಯ ಬೋಯಿಂಗ್ 747ಕ್ಕೆ ಅಪ್ಪಳಿಸಿತು. ಎರಡರಲ್ಲೂ ಇದ್ದ 349 ಮಂದಿಯೂ ಸತ್ತರು. ಇಲ್ಯೂಶಿನ್‌ನಲ್ಲಿ ನಿಯಂತ್ರಕರೊಡನೆ ಮಾತಾಡುತ್ತಿದ್ದವರು ಪ್ರತ್ಯೇಕ ರೇಡಿಯೋ ಆಪರೇಟರ್. ಅವರ ಆಸನದ ಮುಂದೆ, ಗಾಳಿಯ ಒತ್ತಡದಿಂದ ಎತ್ತರ ತೋರಿಸುವ ಆಲ್ಟಿಮೀಟರ್ ಇರಲಿಲ್ಲ.

ಅನುಮತಿಯ ಎತ್ತರಕ್ಕೆ ಇನ್ನು ಸಾವಿರ ಅಡಿ ಇರುವಾಗ ಅದನ್ನು ಬಾಯಿಬಿಟ್ಟು ಹೇಳಿ, ಇಳಿವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕೆಳಗೆ ತನ್ನಿ. ಇಲ್ಲಿಂದ ವಿಮಾನ ಮಟ್ಟಕ್ಕೆ ಬರುವವರೆಗೆ ಇಬ್ಬರೂ ಬೇರಾವ ಕೆಲಸಕ್ಕೂ ಕೈಹಾಕಬಾರದು. ಆಟೋಪೈಲಟ್ ಎತ್ತರವನ್ನು ಹಿಡಿಯುತ್ತಿರುವ ಕ್ಷಣದಲ್ಲೇ ಗುಂಡಿ ತಿರುಗಿಸಿದರೆ ಅನೇಕ ವಿಮಾನಗಳಲ್ಲಿ ಆ ಹಿಡಿತ ತಪ್ಪಿ, ಆಗಿದ್ದ ಇಳಿವೇಗದಲ್ಲೇ ವಿಮಾನ ಸಾಗುತ್ತದೆ. ಆಟೋಪೈಲಟ್ ಯಾವ ಮೋಡ್‌ನಲ್ಲಿ, ಅಂದರೆ ಯಾವ ಕೆಲಸದಲ್ಲಿ, ಇದೆಯೆಂಬುದನ್ನು ಪರದೆಯ ಮೇಲೆ ಓದಿ ತಿಳಿಯಬೇಕೇ ಹೊರತು, ಯಾವ ಗುಂಡಿ ಒತ್ತಿದೆವೆಂಬ ನೆನಪಿನಿಂದಲ್ಲ.

ಆಲ್ಟಿಮೀಟರ್‌ನ ಒತ್ತಡ ಹೊಂದಿಸುವ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಉಳಿದ ಪರಿಶೀಲನೆಗಳೂ ಸುಳ್ಳು ಹೇಳುತ್ತವೆ. ಮೇಲೆ ಹಾರುವಾಗ ಎಲ್ಲರೂ 1013 ಹೆಕ್ಟೊಪಾಸ್ಕಲ್ ಇಟ್ಟುಕೊಂಡಿರುತ್ತಾರೆ. ಕೆಳಗಿಳಿದಾಗ ಸ್ಥಳೀಯ ಕ್ಯೂಎನ್‌ಎಚ್‌ಗೆ, ಅಂದರೆ ಆ ಸ್ಥಳದ ಗಾಳಿಯೊತ್ತಡವನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುವ ಅಂಕಿಗೆ, ಬದಲಾಯಿಸಬೇಕು. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 28 ಅಡಿ ತಪ್ಪುತ್ತದೆ. ಕ್ಯೂಎನ್‌ಎಚ್ 992 ಎಂದು ಹೇಳಿದ್ದನ್ನು, ಒತ್ತಡವನ್ನು ಪಾದರಸದ ಇಂಚುಗಳಲ್ಲಿ ಲೆಕ್ಕ ಹಿಡಿದು ರೂಢಿಯಾದವರು 29.92 (ಅಂದರೆ 1013 ಹೆಕ್ಟೊಪಾಸ್ಕಲ್) ಎಂದು ಇಟ್ಟರೆ, ವಿಮಾನ ತೋರಿಸುವ ಎತ್ತರಕ್ಕಿಂತ ಸುಮಾರು 600 ಅಡಿ ಕೆಳಗಿರುತ್ತದೆ. 2022ರ ಮೇ 23ರಂದು ಪ್ಯಾರಿಸ್‌ನ ಚಾರ್ಲ್ಸ್ ದ ಗಾಲ್ ನಿಲ್ದಾಣಕ್ಕೆ ಬರುತ್ತಿದ್ದ ಎ320 ವಿಮಾನಕ್ಕೆ 1001 ಎಂಬುದರ ಬದಲು 1011 ಎಂದು ನಿಯಂತ್ರಣ ಕೇಂದ್ರದಿಂದಲೇ ತಪ್ಪು ಅಂಕಿ ಹೋಯಿತು. ರನ್‌ವೇ ಇನ್ನೂ ಸುಮಾರು ಒಂದು ಮೈಲಿ ದೂರವಿರುವಾಗ ಆ ವಿಮಾನ ನೆಲದಿಂದ ಕೇವಲ 6 ಅಡಿ ಎತ್ತರಕ್ಕೆ ಬಂದು, ಗೋ-ಅರೌಂಡ್ ಮಾಡಿದ್ದರಿಂದ ಉಳಿಯಿತು. ನಕ್ಷೆಯಲ್ಲಿನ ದೂರ ಮತ್ತು ಎತ್ತರದ ಪಟ್ಟಿಯೊಂದಿಗೆ ತಾಳೆ ನೋಡಿದರೂ ಇಂಥ ತಪ್ಪು ಸಿಗದು, ಏಕೆಂದರೆ ತಾಳೆ ನೋಡುವ ಆಲ್ಟಿಮೀಟರೇ ತಪ್ಪಾಗಿರುತ್ತದೆ. ಆದ್ದರಿಂದ ನಿಯಂತ್ರಕರು ಹೇಳಿದ ಅಂಕಿಯನ್ನು, ನಿಲ್ದಾಣದ ಹವಾಮಾನವನ್ನು ಬಿತ್ತರಿಸುವ ಎಟಿಸ್ ವರದಿಯ ಅಂಕಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಕೇಳಿ. ನೆಲದಿಂದ ನೇರವಾಗಿ ಅಳೆಯುವ ರೇಡಿಯೋ ಆಲ್ಟಿಮೀಟರ್ 2,500 ಅಡಿಯಲ್ಲಿ ಅಂಕಿ ತೋರಿಸತೊಡಗಿದಾಗ ಅದು ನಂಬುವಂತಿದೆಯೇ ಎಂದು ಇಬ್ಬರೂ ನೋಡಿ.

10,000 ಅಡಿಯ ಕೆಳಗೆ ಹಾರಾಟಕ್ಕೆ ಸಂಬಂಧಿಸದ ಮಾತು ಬೇಡವೆಂಬ ನಿಯಮ ಅಮೆರಿಕದಲ್ಲಿ 1981ರಲ್ಲಿ ಬಂತು. 1974ರಲ್ಲಿ ಷಾರ್ಲಟ್ ಬಳಿ ಮಂಜಿನಲ್ಲಿ ಇಳಿಯುತ್ತಿದ್ದ ಡಿಸಿ-9ರ ಪೈಲಟ್‌ಗಳು ರಾಜಕೀಯವನ್ನೂ ಹಳೆಯ ಕಾರುಗಳನ್ನೂ ಕುರಿತು ಮಾತಾಡುತ್ತ ಎತ್ತರದ ಅರಿವು ಕಳೆದುಕೊಂಡ ಅಪಘಾತ ಇದರ ಹಿಂದಿದೆ. ಆದರೆ ಹರಟೆ ನಿಲ್ಲಿಸುವುದು ಸುಲಭ. ನ್ಯಾಯವಾದ ಕೆಲಸವೇ ಗಮನ ಸೆಳೆದಾಗ ಕಷ್ಟ. 1972ರ ಡಿಸೆಂಬರ್ 29ರಂದು ಮಯಾಮಿಯ ಹತ್ತಿರ 2,000 ಅಡಿಯಲ್ಲಿ ಸುತ್ತುತ್ತಿದ್ದ ಟ್ರೈಸ್ಟಾರ್ ವಿಮಾನದ ಸಿಬ್ಬಂದಿಯೆಲ್ಲ ಮುಂಚಕ್ರದ ಸೂಚಕ ದೀಪವೊಂದರ ಹಿಂದೆ ಬಿದ್ದಿದ್ದಾಗ ಆಟೋಪೈಲಟ್‌ನ ಹಿಡಿತ ತಪ್ಪಿ, ಯಾರ ಗಮನಕ್ಕೂ ಬಾರದೆ ವಿಮಾನ ಜೌಗುನೆಲಕ್ಕೆ ಇಳಿದುಬಿಟ್ಟಿತು. ಏನೇ ದೋಷ ಕಂಡರೂ ಮೊದಲು ಯಾರು ಹಾರಿಸುತ್ತಾರೆಂದು ಹೆಸರಿಟ್ಟು ಹೇಳಿ. ಅವರು ದೀಪದ ಕಡೆ ತಿರುಗಿಯೂ ನೋಡಬಾರದು. ಸಮಯ ಬೇಕಿದ್ದರೆ ನಿಯಂತ್ರಕರಿಂದ ಕೇಳಿ ಪಡೆಯಿರಿ. ಒಬ್ಬರು ಬೇರೆ ರೇಡಿಯೋಗೆ ಹೋಗುವುದಾದರೆ ಹೇಳಿ ಹೋಗಲಿ; ಮರಳಿದಾಗ ಬದಲಾದುದೆಲ್ಲವನ್ನೂ ಇನ್ನೊಬ್ಬರು ತಿಳಿಸಲಿ. ಚೆಕ್‌ಲಿಸ್ಟ್ ನಡುವೆ ನಿಂತರೆ ಮೊದಲಿನಿಂದಲೇ ಓದಿ.

ಇಷ್ಟಾದರೂ ಎತ್ತರ ತಪ್ಪಿದರೆ ಕೂಡಲೇ ಸರಿಪಡಿಸಿ ನಿಯಂತ್ರಕರಿಗೆ ತಿಳಿಸಿ. ನೆಲ ಹತ್ತಿರವಾಗುತ್ತಿದೆ ಎಂಬ ಎಚ್ಚರಿಕೆ ಮೊಳಗಿದರೆ ಕಾರಣ ಹುಡುಕದೆ ಮೇಲೇರಿ. ಆಮೇಲೆ ವರದಿ ಬರೆಯುವಾಗ ಎಷ್ಟು ಅಡಿ ತಪ್ಪಿತೆಂಬುದರ ಜೊತೆಗೆ, ಆ ಕ್ಷಣದಲ್ಲಿ ಇಬ್ಬರೂ ಏನು ಮಾಡುತ್ತಿದ್ದಿರಿ, ಯಾವ ಕೆಲಸ ಅರ್ಧಕ್ಕೆ ನಿಂತಿತ್ತು, ಅದನ್ನು ಯಾವ ಕರೆ ಅಥವಾ ಮಾತು ತಡೆಯಿತು ಎಂಬುದನ್ನೂ ಬರೆಯಿರಿ.