ಸೂರನ್ನು ಹೊರಗಿಟ್ಟು ಚಾವಣಿಗೆ ಇನ್ಸುಲೇಷನ್: ನನ್ನ ಅನುಭವ

ನಾನೇ ಕಟ್ಟಿದ ವರ್ಕ್‌ಶಾಪಿನ ಸಪಾಟು ಚಾವಣಿಗೆ ನಾಲ್ಕೂ ಕಡೆ ಚಾಚಿದ ಸೂರು ಇದೆ. ಜಂತೆಗಳನ್ನು ಗೋಡೆಯ ಮಟ್ಟಕ್ಕೇ ಕತ್ತರಿಸಿ, ಸೂರನ್ನು ಬೇರೆಯಾಗಿ ಮೇಲಿಂದ ಕೂರಿಸುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. ಗಾಳಿಗೆ ಕಿತ್ತು ಹೋಗುತ್ತದೆ ಎಂದರು. ಜೋರು ಮಳೆಗಾಳಿ ಎಷ್ಟೋ ಬಂದು ಹೋಗಿವೆ. ಸೂರು ಒಂದು ಮಿಮೀ ಕೂಡ ಅಲುಗಿಲ್ಲ.

ಮೊದಲು ಎಲ್ಲರೂ ಮಾಡುವ ಹಾಗೆಯೇ ಇತ್ತು. ಜಂತೆಗಳು ಗೋಡೆ ದಾಟಿ ಹೊರಗೆ ಬಂದಿದ್ದವು. ನಡುವೆ ಗ್ಲಾಸ್‌ವೂಲ್ (ಗಾಜಿನ ನಾರಿನ ಹತ್ತಿಯಂಥ ಪದರ), ಅದರ ಮೇಲೆ 50 ಮಿಮೀ ಗಾಳಿ ಜಾಗ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಆ ಜಾಗದಲ್ಲಿ ಗಾಳಿ ಸರಿಯಾಗಿ ಆಡುವುದೇ ಇಲ್ಲ. ಚಳಿಯ ಬೆಳಗ್ಗೆ ಪ್ಲೈವುಡ್ಡಿನ ಕೆಳಮೈ ಪೂರ್ತಿ ಹನಿ, ಆಮೇಲೆ ಕಪ್ಪು ಬೂಷ್ಟು. ಗಾಳಿ ಬೀಸಿದ ದಿನ ಅದು ಸೂರಿನ ಸಂದಿಯಿಂದ ನುಗ್ಗಿ ವೂಲ್ ಒಳಗೇ ಹಾಯುತ್ತಿತ್ತು. ಗೋಡೆಯ ಮೇಲೆ ಜಂತೆ ಜಂತೆಯ ನಡುವೆ ಫೋಮ್ ತುಂಡು ತುರುಕಿ ಸ್ಪ್ರೇ ಫೋಮ್ ಹೊಡೆದರೆ ಸಾಕು ಅಂತಾರಲ್ವಾ, ಅದೂ ಆಯಿತು. ಎರಡೂ ಕಡೆ ಸೇರಿ ಮೂವತ್ತರ ಹತ್ತಿರ ಸಂದಿಗಳು. ಮರ ಒಣಗಿ ಕುಗ್ಗಿದ ಮೇಲೆ ಪ್ರತಿ ಸಂದಿಯಲ್ಲೂ ಬಿರುಕು. ಆ ಸ್ಪ್ರೇ ಡಬ್ಬಿಗಳಿಗೆ ಸುರಿದ ದುಡ್ಡಿನಲ್ಲಿ ಒಳ್ಳೆಯ ಇನ್ಸುಲೇಷನ್ ಹಲಗೆಗಳೇ ಬರುತ್ತಿದ್ದವು.

ಹಾಗಾಗಿ ಎಲ್ಲ ಕಿತ್ತೆ. ಜಂತೆಗಳನ್ನು ಗೋಡೆಯ ಹೊರಮೈಗೆ ಸಮವಾಗಿ ಕತ್ತರಿಸಿದೆ. ಇಳಿಜಾರು 40ಕ್ಕೆ 1, ಅಂದರೆ ಮೀಟರಿಗೆ 25 ಮಿಮೀ. ಮೇಲೆ 18 ಮಿಮೀ ಪ್ಲೈವುಡ್. ಅದರ ಮೇಲೆ ಆವಿತಡೆ ಹಾಳೆ, ಅಂದರೆ ನೀರಾವಿಯನ್ನು ದಾಟಲು ಬಿಡದ ಹಾಳೆ. ಇಡೀ ಕೆಲಸದ ಜೀವ ಇರುವುದು ಇಲ್ಲೇ: ಹಾಳೆಯನ್ನು ಅಂಚಿನಲ್ಲಿ ಕೆಳಕ್ಕೆ ಮಡಚಿ ಗೋಡೆಗೆ ಅಂಟಿಸಬಹುದು, ಏಕೆಂದರೆ ದಾರಿಗೆ ಅಡ್ಡವಾಗಿ ಒಂದೂ ಜಂತೆ ಇಲ್ಲ. ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂರುತ್ತದೆ.

ಆಮೇಲೆ ಸೂರಿನ ತೋಳುಗಳು. 100 ಮಿಮೀ ಎತ್ತರದ ಮರ, ಸುಮಾರು 600 ಮಿಮೀಗೊಂದು. ಹೊರಗೆ 400 ಚಾಚಿದರೆ ಒಳಗೆ 800 ಇರಲಿ. ಜಂತೆಯ ತುದಿ ಬರುವ ಕಡೆ ತೋಳು ನೇರ ಜಂತೆಯ ಮೇಲೇ ಕೂರಬೇಕು, ಅಲ್ಲಿ 600ರ ಲೆಕ್ಕ ಬಿಟ್ಟು ಜಂತೆ ಇದ್ದಲ್ಲಿ ಹಾಕಿ. ಉಳಿದ ಎರಡು ಕಡೆ ಅಡ್ಡಲಾಗಿ ಕನಿಷ್ಠ ಎರಡು ಜಂತೆ ದಾಟಬೇಕು. ಉದ್ದನೆಯ ಸ್ಕ್ರೂ ಪ್ಲೈವುಡ್ ದಾಟಿ ಜಂತೆಗೇ ಹಿಡಿಯಬೇಕು. ಹಾಳೆ ತೂತಾಗುವ ಕಡೆಯೆಲ್ಲ ಕೆಳಗೆ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಇಡಿ. ಮೂಲೆಯಲ್ಲಿ ಎರಡು ಕಡೆಯ ತೋಳು ಸೇರುವಲ್ಲಿ ನನ್ನದೇ ಒಂದು ಜೋಡಣೆ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತೋಳುಗಳ ನಡುವೆ ಪಿಐಆರ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್), 50 ಮಿಮೀಯ ಎರಡು ಪದರ, ಸಂದಿಯ ಮೇಲೆ ಸಂದಿ ಬರದ ಹಾಗೆ. ಮರದಲ್ಲಿ ಶಾಖ ಪಿಐಆರ್‌ಗಿಂತ ಆರು ಪಟ್ಟು ಸುಲಭವಾಗಿ ಹಾಯುತ್ತದೆ, ನಿಜ. ಆದರೆ ಮರ ಇರುವುದು ಅಂಚಿನಲ್ಲಿ ಮಾತ್ರ. ಸೂರಿನ ಭಾಗದಲ್ಲಿ ಹಲಗೆ ಹಾಕಲೇ ಇಲ್ಲ, ಹೊರಗಿನ ಗಾಳಿಯನ್ನು ಬೆಚ್ಚಗಿಟ್ಟು ಏನು ಮಾಡುವುದು? ಒಳಗಿನ ಅಳತೆ 6 ಮೀಟರಿಗೆ 4, ಅಂದರೆ 24 ಚದರ ಮೀಟರ್. ಸೂರೂ ಸೇರಿದರೆ 32 ದಾಟುತ್ತದೆ. ಕಾಲು ಭಾಗ ಹಲಗೆ ಅಲ್ಲೇ ಉಳಿಯಿತು. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಲಗೆಗೇ ಹೋಗುವುದರಿಂದ ಇದು ಸಣ್ಣ ಉಳಿತಾಯವಲ್ಲ. ಮೂಲೆ ಮುರಿದ ಹಲಗೆಗಳನ್ನೇ ಹುಡುಕಿ ಇನ್ನಷ್ಟು ಉಳಿಸಿದೆ. ಹೇಗೂ ಕತ್ತರಿಸುವುದೇ ತಾನೇ.

ಎಲ್ಲದರ ಮೇಲೆ 12 ಮಿಮೀ ಪ್ಲೈವುಡ್, ಆಮೇಲೆ ನೀರು ಇಳಿಯದ ಹಾಗೆ ಇಪಿಡಿಎಂ ಎಂಬ ರಬ್ಬರ್ ಹಾಳೆ.

ಮಧ್ಯದಲ್ಲಿ ಥರ್ಮಾಕೋಲ್ ಕೂಡ ನೋಡಿದೆ. ಅಗ್ಗ. ಆದರೆ ಅಷ್ಟೇ ರಕ್ಷಣೆಗೆ ದಪ್ಪ ಒಂದೂವರೆ ಪಟ್ಟು ಬೇಕು, ಅಂಚು ವಿಕಾರವಾಗಿ ದಪ್ಪಗಾಗುತ್ತದೆ. ಸಾಲ್ವೆಂಟ್ ಅಂಟು ತಾಗಿದರೆ ಥರ್ಮಾಕೋಲ್ ಕರಗಿಯೇ ಹೋಗುತ್ತದೆ, ಒಂದು ತುಂಡಿನ ಮೇಲೆ ಹಚ್ಚಿ ನೋಡಿ. ಬರೀ ಮಿಂಚು ಹಾಳೆಯನ್ನೂ (ಅಲ್ಯೂಮಿನಿಯಂ ಫಾಯಿಲ್) ಪರೀಕ್ಷಿಸಿದೆ. ಪಕ್ಕದಲ್ಲಿ ಗಾಳಿ ಜಾಗ ಇಲ್ಲದೆ ಎರಡು ಹಲಗೆಗಳ ನಡುವೆ ಸಿಕ್ಕಿಸಿದರೆ ಅದರಿಂದ ಏನೂ ಲಾಭವಿಲ್ಲ. ರಬ್ಬರಿಗೆ ಬಿಳಿ ಬಣ್ಣ ಬಳಿದಾಗ ಮೇಲ್ಮೈ ಬಿಸಿ ಚೆನ್ನಾಗಿ ಇಳಿಯಿತು, ಆದರೆ 100 ಮಿಮೀ ಪಿಐಆರ್ ಕೆಳಗೆ ಇದ್ದುದರಿಂದ ಒಳಗೆ ವ್ಯತ್ಯಾಸ ಒಂದು ಡಿಗ್ರಿ ಆಗಿರಬಹುದು, ಅಷ್ಟೆ.

ಮೊದಲು ಬಿಸಿಲಿನ ಮಧ್ಯಾಹ್ನ ಚಾವಣಿಯ ಕೆಳಮೈ 50 ಡಿಗ್ರಿ ಹತ್ತಿರ ತೋರಿಸುತ್ತಿತ್ತು. ಈಗ 32, 33. ಮಳೆಯ ಸದ್ದು ಕೂಡ ಅರ್ಧ ಆಗಿದೆ. ಮಳೆಗಾಲ ಮುಗಿದ ಮೇಲೆ ತೇವ ಅಳೆಯುವ ಮೀಟರನ್ನು ಒಳಗಿನಿಂದ ಜಂತೆಯ ತುದಿಗಳಿಗೆ ಚುಚ್ಚಿ ನೋಡಿದೆ. ಎಲ್ಲ ಕಡೆ ಶೇಕಡಾ 12ರ ಆಸುಪಾಸು. ಮೊದಲು ಬೂಷ್ಟು ಹಿಡಿಯುತ್ತಿದ್ದ ಉತ್ತರದ ಅಂಚಿನಲ್ಲೂ ಅಷ್ಟೇ.