ಬಾಲ್ಕನಿಯೇ ರೂಮಾಗಿರುವ ಫ್ಲ್ಯಾಟ್: ಅಡ್ವಾನ್ಸ್ ಕೊಡುವ ಮುಂಚೆ ಏನೇನು ನೋಡಬೇಕು?

ಬೆಂಗಳೂರಿನಲ್ಲಿ ಹತ್ತು–ಹದಿನೈದು ವರ್ಷ ಹಳೆಯ ಅಪಾರ್ಟ್‌ಮೆಂಟಿಗೆ ರೀಸೇಲ್ ಫ್ಲ್ಯಾಟ್ ನೋಡಲು ಹೋದರೆ, ಕಟ್ಟಿದಾಗ ಇದ್ದ ಹಾಗೆಯೇ ಉಳಿದಿರುವ ಮನೆ ಸಿಗುವುದು ಅಪರೂಪ. ಬಾಲ್ಕನಿಗೆ ಗೋಡೆ ಎದ್ದು ಓದುವ ಕೋಣೆಯಾಗಿರುತ್ತದೆ. ಯುಟಿಲಿಟಿ (ಪಾತ್ರೆ, ಬಟ್ಟೆ ತೊಳೆಯುವ ಜಾಗ) ಅಡುಗೆಮನೆಯೊಳಗೆ ಸೇರಿಹೋಗಿರುತ್ತದೆ. ವಾಸ್ತು ಹೇಳಿದವರ ಮಾತಿಗೆ ಬಾಗಿಲು ದಿಕ್ಕು ಬದಲಿಸಿರುತ್ತದೆ. ಬ್ರೋಕರ್ ಇದನ್ನೆಲ್ಲ ‘ಎಕ್ಸ್‌ಟ್ರಾ ವರ್ಕ್’ ಎಂದು ಬೆಲೆಗೆ ಸೇರಿಸುತ್ತಾರೆ. ಆದರೆ ನೋಂದಣಿ ಮುಗಿದ ಮೇಲೆ ಪಾಲಿಕೆಯ ನೋಟಿಸ್ ಬಂದರೂ, ಕೆಳಮನೆಯ ಸೀಲಿಂಗ್ ಸೋರಿದರೂ ಉತ್ತರ ಕೊಡಬೇಕಾದವರು ನೀವು. ಒಡೆಸಿದವರು ಯಾರೆಂದು ಆಗ ಯಾರೂ ಕೇಳುವುದಿಲ್ಲ.

ನಕ್ಷೆ ಕೈಗೆ ಬರಲಿ

ಬಿಲ್ಡರ್‌ನ ಬಣ್ಣದ ಬ್ರೋಷರ್ ನಕ್ಷೆಯಲ್ಲ. ಮಾರುವವರಿಂದ ಮೂರು ಕಾಗದ ಕೇಳಿ: ಸೀಲು, ಸಹಿ ಇರುವ ಮಂಜೂರಾದ ನಕ್ಷೆ, ಓಸಿ (ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಎಂದು ಮಂಜೂರಾತಿ ಕೊಟ್ಟ ಸಂಸ್ಥೆ ನೀಡುವ ಪತ್ರ) ಮತ್ತು ಅವರ ಕ್ರಯಪತ್ರ. ಓಸಿ ಕೊಡುವಾಗ ಒಪ್ಪಿದ ಪರಿಷ್ಕೃತ ನಕ್ಷೆ ಇದ್ದರೆ ಅದನ್ನೇ ಹಿಡಿಯಿರಿ. ಕಟ್ಟಡ ಮುಗಿದಾಗ ಏನಿತ್ತು ಎಂಬುದು ಅದರಲ್ಲಿರುತ್ತದೆ, ಆಮೇಲೆ ಬದಲಾದದ್ದು ಅದರಿಂದಲೇ ಗೊತ್ತಾಗುತ್ತದೆ. ಓಸಿಯೇ ಇಲ್ಲ ಎಂದಾದರೆ ಒಂದು ಗೋಡೆಯ ಚಿಂತೆ ಬದಿಗಿಡಿ, ಇಡೀ ಕಟ್ಟಡದ್ದೇ ಪ್ರಶ್ನೆ.

‘ನಕ್ಷೆ ಕಳೆದುಹೋಗಿದೆ’ ಎಂದರೆ ಮೊದಲು ಅಪಾರ್ಟ್‌ಮೆಂಟ್ ಸಂಘದ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯೂ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು, ಉತ್ತರಕ್ಕೆ 30 ದಿನ ಗಡುವು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ, ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡೇ ವಿಳಾಸ ಬರೆಯಿರಿ. ನಕ್ಷೆಗೆ ಮಂಜೂರಾತಿ ಕೊಟ್ಟದ್ದು ಬಿಡಿಎ ಆಗಿದ್ದರೆ ಅರ್ಜಿ ಹೋಗಬೇಕಾದದ್ದು ಅಲ್ಲಿಗೆ.

ಟೇಪು ಹಿಡಿದು ಮನೆ ಸುತ್ತಿ

ಕೋಣೆ ಕೋಣೆಯ ಉದ್ದ ಅಗಲ ಅಳೆದು ನಕ್ಷೆಯ ಪಕ್ಕ ಬರೆಯಿರಿ. ಒಂದೆರಡು ಇಂಚಿನ ವ್ಯತ್ಯಾಸ ಗಾರೆಯದ್ದು, ಬಿಟ್ಟುಬಿಡಿ. ಒಂದು ಅಡಿ ಹೆಚ್ಚುಕಡಿಮೆ ಬಂದರೆ ಗೋಡೆ ಸರಿದಿದೆ ಎಂದೇ ಅರ್ಥ. ಬಣ್ಣ, ಟೈಲ್ಸ್, ವಾರ್ಡ್‌ರೋಬ್ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕಣ್ಣಿಡಬೇಕಾದ ಜಾಗಗಳು ಬೇರೆ ಇವೆ.

ಬಾಲ್ಕನಿಯ ನೆಲ ಸಾಮಾನ್ಯವಾಗಿ ಹಾಲಿಗಿಂತ ಒಂದೆರಡು ಇಂಚು ತಗ್ಗಿರುತ್ತದೆ, ಮಳೆನೀರು ಒಳಗೆ ಬಾರದಿರಲೆಂದು. ಎರಡೂ ಸಮವಾಗಿದ್ದರೆ ಮೇಲೆ ಗಾರೆ ತುಂಬಿದ್ದಾರೆ. ಯುಪಿವಿಸಿ ಕಿಟಕಿ ಕೂರಿಸಿದ್ದರೆ ತೂಕ ಕಡಿಮೆ, ಬೇಕಾದಾಗ ಬಿಚ್ಚಲೂಬಹುದು. ಗೋಡೆ ಎಬ್ಬಿಸಿದ್ದರೆ ಕಥೆಯೇ ಬೇರೆ. 10 ಅಡಿ ಉದ್ದ, 9 ಅಡಿ ಎತ್ತರದ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಗೋಡೆಯ ತೂಕ ಒಂದೂವರೆ ಟನ್ ದಾಟುತ್ತದೆ. ಅದೇ ಅಳತೆಯ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್ ಗೋಡೆ ಸುಮಾರು ಅರ್ಧ ಟನ್. ಹೊರಚಾಚಿದ ಬಾಲ್ಕನಿಯಲ್ಲಿ ಈ ಭಾರ ಬೀಳುವುದು ಅಂಚಿನ ಮೇಲೆ. ಇಂಥ ಸ್ಲ್ಯಾಬ್‌ನಲ್ಲಿ ಮುಖ್ಯ ಕಬ್ಬಿಣ ಇರುವುದು ಮೇಲ್ಭಾಗದಲ್ಲಿ. ಪೈಪು ಹಾಯಿಸಲೆಂದು ನೆಲ ಕೆತ್ತಿದ್ದರೆ ಆ ಕಬ್ಬಿಣಕ್ಕೇ ಏಟು ಬಿದ್ದಿರುವ ಸಾಧ್ಯತೆಯಿದೆ. ಹಾಲಿನ ಗೋಡೆಗೆ ಬಾಲ್ಕನಿ ಕೂಡುವ ಗೆರೆಯಲ್ಲಿ ಬಿರುಕು ಕಂಡರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಒಳಗೋಡೆ ತೆಗೆದಿದ್ದರೆ ಕಟ್ಟಡದ ಬಗೆ ತಿಳಿಯಬೇಕು. ಪಿಲ್ಲರ್–ಬೀಮ್ ಕಟ್ಟಡದಲ್ಲಿ ನಡುವಿನ ಇಟ್ಟಿಗೆ ಗೋಡೆ ಬರೀ ಮರೆ, ಹೋದರೆ ಸಾಮಾನ್ಯವಾಗಿ ಅಪಾಯವಿಲ್ಲ. ಮೈವಾನ್ ತಂತ್ರದಲ್ಲಿ ಅಲ್ಯೂಮಿನಿಯಂ ಅಚ್ಚು ಕಟ್ಟಿ ಎರಕ ಹೊಯ್ದ ಕಟ್ಟಡದಲ್ಲಿ ಗೋಡೆಗಳೇ ಭಾರ ಹೊರುತ್ತವೆ. ಅಲ್ಲಿ ಬಾಗಿಲಿಗೆ ಜಾಗ ಕೊಯ್ದರೂ ಕಬ್ಬಿಣ ಕೊಯ್ದಂತೆಯೇ. ಬೆರಳಿನಿಂದ ತಟ್ಟಿ ಪತ್ತೆ ಮಾಡುವ ಮೇಸ್ತ್ರಿಗಳಿದ್ದಾರೆ, ಆದರೆ ಬಿಲ್ಡರ್‌ನ ಸ್ಟ್ರಕ್ಚರಲ್ ಡ್ರಾಯಿಂಗ್ ಅದಕ್ಕಿಂತ ಗಟ್ಟಿ ಸಾಕ್ಷಿ.

ಬಚ್ಚಲುಮನೆಯ ನೆಲ ಕೋಣೆಗಿಂತ ಒಂದು ಮೆಟ್ಟಿಲು ಮೇಲಿದೆಯೇ? ಹಾಗಾದರೆ ಅದು ಮೂಲ ಜಾಗದಲ್ಲಿಲ್ಲ ಎಂಬ ಅನುಮಾನ ಇರಲಿ. ಹೆಚ್ಚಿನ ಫ್ಲ್ಯಾಟುಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಸುಮಾರು ಒಂದು ಅಡಿ ತಗ್ಗಿಸಿ ಪೈಪುಗಳನ್ನು ಅದರೊಳಗೆ ಹುದುಗಿಸಿರುತ್ತಾರೆ. ತಗ್ಗಿಲ್ಲದ ಕಡೆ ಬಚ್ಚಲು ಮಾಡಿದವರು ನೆಲವನ್ನೇ ಏರಿಸುತ್ತಾರೆ. ಅದರ ಕೆಳಗೆ ಯಾರದೋ ಅಡುಗೆಮನೆಯೋ ದೇವರಕೋಣೆಯೋ ಇರುತ್ತದೆ. ಇಲ್ಲಿ ಪರೀಕ್ಷೆ ಸುಲಭ: ನೀರು ಹೋಗುವ ತೂತು ಮುಚ್ಚಿ ಒಂದಿಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಮನೆಯವರ ಅನುಮತಿ ಪಡೆದು ಅವರ ಸೀಲಿಂಗ್ ನೋಡಿ. ಅವರೊಂದಿಗೆ ಎರಡು ಮಾತಾಡಿದರೆ ಬ್ರೋಕರ್ ಹೇಳದ್ದೂ ಹೊರಬರುತ್ತದೆ.

ಯುಟಿಲಿಟಿ ಮುಚ್ಚಿದ್ದರೆ ಗ್ಯಾಸ್ ಗೀಸರ್ ಎಲ್ಲಿದೆ ನೋಡಿ. ಗಾಳಿಯಾಡದ ಜಾಗದಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಜೀವ ತೆಗೆಯುತ್ತದೆ. ಪೈಪು ಇಳಿಯುವ ಡಕ್ಟ್ ಮುಚ್ಚಿದ್ದರೆ ತೆರೆಸಿ. ಕಡೆಯ ಮಹಡಿಯ ಮನೆಯಾದರೆ ಟೆರೇಸ್ ಮೇಲಿನ ಶೀಟ್ ಹಾಕಿದ ರೂಮಿಗೆ ಬೆಲೆ ಕಟ್ಟುವ ಮುನ್ನ, ಆ ಟೆರೇಸ್ ಕ್ರಯಪತ್ರದಲ್ಲಿ ಇದೆಯೇ, ಎಲ್ಲರ ಸಾಮಾನ್ಯ ಜಾಗವೇ ಎಂದು ಓದಿ.

‘ಸಕ್ರಮ ಆಗುತ್ತೆ ಬಿಡಿ’

ಈ ಮಾತು ನಂಬಿ ಹಣ ಕೊಡಬೇಡಿ. ನಕ್ಷೆ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿತು. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ, ಓಸಿ ಪರಿಶೀಲಿಸಿದ ನಂತರವೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದಿದೆ. ಬ್ಯಾಂಕಿನ ಮೌಲ್ಯಮಾಪಕರು ನಕ್ಷೆಗೂ ಮನೆಗೂ ಹೋಲಿಸಿ ವರದಿ ಬರೆಯುತ್ತಾರೆ. ಹೆಚ್ಚುವರಿ ಜಾಗವನ್ನು ಅವರು ಲೆಕ್ಕದಿಂದ ಬಿಟ್ಟರೆ ಸಾಲ ಕಡಿಮೆಯಾಗುತ್ತದೆ, ಉಳಿದದ್ದು ನಿಮ್ಮ ಕೈಯಿಂದ. ಹಾಗಾಗಿ ಬೆಲೆ ಮಾತಾಡುವಾಗಲೂ ಕ್ರಯಪತ್ರದ ಅಳತೆ ಹಿಡಿಯಿರಿ. ಎರಡು ಬೆಡ್‌ರೂಮಿನ ಫ್ಲ್ಯಾಟಿನ ಬಾಲ್ಕನಿಗೆ ಗೋಡೆ ಬಂದ ಮಾತ್ರಕ್ಕೆ ಕಾಗದದಲ್ಲಿ ಅದು ಮೂರು ಬೆಡ್‌ರೂಮಿನದ್ದಾಗುವುದಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆಯಲ್ಲಿ, ಬಾಲ್ಕನಿ ಸೇರುವುದೂ ಇಲ್ಲ.

ಕರಾರಿನಲ್ಲಿ ಬರೆಸಿ

ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಆಸ್ತಿಯ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ಆದರೆ ಅದು ಸಾಮಾನ್ಯ ಎಚ್ಚರದಿಂದ ಕೊಳ್ಳುವವರ ಕಣ್ಣಿಗೆ ಬೀಳದ ದೋಷಕ್ಕೆ ಮಾತ್ರ. ಮುಚ್ಚಿದ ಬಾಲ್ಕನಿ ಕಣ್ಣಿಗೆ ರಾಚುವಂತಿರುತ್ತದೆ, ಆಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದರೆ ನಡೆಯುವುದು ಕಷ್ಟ.

ಆದ್ದರಿಂದ ಕರಾರುಪತ್ರಕ್ಕೆ ಬದಲಾವಣೆಗಳ ಪಟ್ಟಿ, ತಾರೀಕು ಇರುವ ಫೋಟೊ ಲಗತ್ತಿಸಿ. ಯಾವುದನ್ನು ನೋಂದಣಿಗೆ ಮುಂಚೆ ಮಾರುವವರೇ ಸರಿಪಡಿಸಬೇಕು ಎಂದು ಬರೆಸಿ. ಆಗದಿದ್ದರೆ ಗುತ್ತಿಗೆದಾರರಿಂದ ಅಂದಾಜು ಪಡೆದು ಬೆಲೆಯಲ್ಲಿ ಕಳೆಯಿರಿ. ಅಂದಾಜಿನಲ್ಲಿ ಒಡೆಯುವ ಕೂಲಿಯ ಜೊತೆ ಅವಶೇಷ ಸಾಗಿಸುವ ಖರ್ಚು, ವಾಟರ್‌ಪ್ರೂಫಿಂಗ್, ಹೊಸ ಟೈಲ್ಸ್ ಸೇರಿರಲಿ, ಜನ ಮರೆಯುವುದು ಇವನ್ನೇ. ಬ್ಯಾಂಕಿನ ತಾಂತ್ರಿಕ ವರದಿ ಪ್ರತಿಕೂಲವಾದರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂಬ ಸಾಲು ಬೇಕೇ ಬೇಕು. ‘ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ’ ಎಂಬ ಸಾಲು ಕಂಡರೆ ವಕೀಲರಿಗೆ ತೋರಿಸಿ ತೆಗೆಸಿ. ನಷ್ಟ ತುಂಬಿಕೊಡುವ ಮುಚ್ಚಳಿಕೆಯನ್ನೂ ಬರೆಸಿಕೊಳ್ಳಬಹುದು, ಆದರೆ ಮಾರಿದವರು ವಿದೇಶಕ್ಕೆ ಹೋದರೆ ಅದನ್ನು ಹಿಡಿದು ಓಡಾಡುವುದು ಸುಲಭವಲ್ಲ. ಸ್ವಲ್ಪ ಹಣ ತಡೆಹಿಡಿಯುವುದೇ ಮೇಲು.

ಸಂಘದಿಂದ ಎನ್‌ಒಸಿ ಪಡೆಯುವಾಗ ಬಾಕಿ ಇಲ್ಲ ಎಂಬುದರ ಜೊತೆ ‘ಈ ಮನೆಯ ಬದಲಾವಣೆ ಕುರಿತು ದೂರು, ನೋಟಿಸ್ ಇಲ್ಲ’ ಎಂದೂ ಬರೆಸಿಕೊಳ್ಳಿ. ಸಂಘದ ಒಪ್ಪಿಗೆ ಪಾಲಿಕೆಯ ಪರವಾನಗಿಗೆ ಬದಲಿಯಲ್ಲ. ಪಕ್ಕಪಕ್ಕದ ಎರಡು ಫ್ಲ್ಯಾಟ್ ಒಡೆದು ಒಂದು ಮಾಡಿದ್ದರೆ ಕ್ರಯಪತ್ರ, ಇ–ಖಾತಾ, ಬೆಸ್ಕಾಂ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಎಲ್ಲವೂ ಎರಡೆರಡು ಇವೆಯೇ, ಕಟ್ಟಡದ ನೆಲದಲ್ಲಿ ಎರಡಕ್ಕೂ ಇರುವ ಅವಿಭಾಜ್ಯ ಪಾಲೂ ನಿಮ್ಮ ಹೆಸರಿಗೆ ಬರುತ್ತಿದೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಒಂದರ ಮೇಲೆ ಹಳೆಯ ಸಾಲ ಉಳಿದಿರಬಹುದು, ಋಣಭಾರ ಪತ್ರವನ್ನು ಎರಡಕ್ಕೂ ಬೇರೆಬೇರೆಯಾಗಿಯೇ ತೆಗೆಸಬೇಕು.