ಏರ್ ಫ್ರೈಯರ್‌ನಲ್ಲಿ ಎಣ್ಣೆಗಾಯಿ: ಬದನೆ ಮೊದಲು, ಮಸಾಲೆ ಆಮೇಲೆ

ಮಿರ್ಚಿ ಬಜ್ಜಿ ಏರ್ ಫ್ರೈಯರ್‌ನಲ್ಲಿ ಆಗುವುದಿಲ್ಲ. ಬಳ್ಳಾರಿ ಕಡೆ ಈ ಯಂತ್ರ ಮನೆಗೆ ತಂದವರಿಗೆ ಮೊದಲು ನೆನಪಾಗುವುದೇ ಮಿರ್ಚಿ. ಮಂಡಕ್ಕಿ ಒಗ್ಗರಣೆಗೆ ಅದಿಲ್ಲದೆ ನಡೆಯಲ್ಲ, ಅಲ್ವಾ? ಆದರೆ ಕಲಸಿದ ಕಡಲೆ ಹಿಟ್ಟು ಕಾದ ಎಣ್ಣೆಗೆ ಬಿದ್ದ ತಕ್ಷಣ ಗಟ್ಟಿಯಾಗುತ್ತದೆ. ಬಿಸಿ ಗಾಳಿಗೆ ಅಷ್ಟು ವೇಗ ಇಲ್ಲ. ಹಿಟ್ಟು ಬುಟ್ಟಿಯ ತೂತುಗಳಿಂದ ಸೋರಿ, ಮೆಣಸಿನಕಾಯಿ ಬೋಳಾಗಿ ಉಳಿಯುತ್ತದೆ. ಹಾಗಾಗಿ ಬಜ್ಜಿ ಬಾಣಲೆಯಲ್ಲೇ ಇರಲಿ. ಎಣ್ಣೆಗಾಯಿಯ ಬದನೆಕಾಯಿ, ಹುರಿದ ಶೇಂಗಾ, ಮೆತ್ತಗಾದ ರೊಟ್ಟಿ ಇವಕ್ಕೆ ಮಾತ್ರ ಏರ್ ಫ್ರೈಯರ್ ನಿಜಕ್ಕೂ ಒಳ್ಳೆಯ ಸಾಧನ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಒಲೆ ಮುಂದೆ ನಿಲ್ಲುವ ಹೊತ್ತು ಕಡಿಮೆಯಾದರೆ ಅದೇ ದೊಡ್ಡ ಉಪಕಾರ.

ಒಳಗಿರುವುದು ಒಂದು ಪುಟ್ಟ ಓವನ್. ಮೇಲ್ಗಡೆ ಕಾಯಿಲ್ ಕಾಯುತ್ತದೆ, ಅದರ ಹತ್ತಿರದ ಫ್ಯಾನ್ ಆ ಬಿಸಿಯನ್ನು ಬುಟ್ಟಿಯ ಸುತ್ತ ಜೋರಾಗಿ ತಿರುಗಿಸುತ್ತದೆ. ಗಾಳಿ ಎಲ್ಲ ಕಡೆಯಿಂದ ತಾಗಿದರೆ ಮಾತ್ರ ಪದಾರ್ಥ ಗರಿಗರಿಯಾಗುತ್ತದೆ. ಬುಟ್ಟಿ ತುಂಬ ಒತ್ತಿ ತುಂಬಿಸಿದರೆ ಮೇಲಿನದು ಕರಕಲು, ಕೆಳಗಿನದು ಹಸಿ. ಒಂದೇ ಪದರ ಹರಡಿ, ನಡುವೆ ಒಮ್ಮೆ ತಿರುವಿ ಹಾಕಿ.

ಇಡುವ ಜಾಗವನ್ನೂ ನೋಡಿಕೊಳ್ಳಿ. ಹಿಂಬದಿಯಿಂದ ಬಿಸಿ ಗಾಳಿ ಬರುತ್ತದೆ, ಗೋಡೆಗೆ ಅಂಟಿಸಿ ಇಡಬೇಡಿ. ಅರ್ಧ ಅಡಿ ಜಾಗ ಇರಲಿ. 1500 ವ್ಯಾಟ್‌ನ ಯಂತ್ರವಾದರೆ 16 ಆಂಪಿಯರ್ ಸಾಕೆಟ್ ಒಳ್ಳೆಯದು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಕರೆಂಟ್ ಬಿಲ್ಲಿನ ಚಿಂತೆ ಇದ್ದವರಿಗೆ: ಇಂಥ ಯಂತ್ರ 20 ನಿಮಿಷ ಓಡಿದರೆ ಹೆಚ್ಚೆಂದರೆ ಅರ್ಧ ಯೂನಿಟ್.

ಈಗ ಎಣ್ಣೆಗಾಯಿ. ಇದರಲ್ಲಿ ಬದನೆ ಮೊದಲು, ಮಸಾಲೆ ಆಮೇಲೆ. ಮಸಾಲೆ ತುಂಬಿ ಒಳಗಿಟ್ಟರೆ ಮೇಲೆ ಕಾಣುವ ಎಳ್ಳು, ಗುರೆಳ್ಳು, ಶೇಂಗಾ ಪುಡಿ ಒಣಗಿ ಸೀದು ಕಹಿಯಾಗುತ್ತದೆ. ಬದನೆ ಬೇಯುವಷ್ಟರಲ್ಲಿ ಮಸಾಲೆ ಕೆಟ್ಟಿರುತ್ತದೆ.

ಎಂಟು ಸಣ್ಣ ಗುಂಡು ಬದನೆಕಾಯಿ ತೆಗೆದುಕೊಳ್ಳಿ. ತೊಟ್ಟು ಬಿಟ್ಟು ಕೆಳಗಿನಿಂದ ನಾಲ್ಕು ಸೀಳು ಮಾಡಿ, ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಡಿ. ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಸೀಳಿನ ಒಳಗೂ ನೀರು ನಿಲ್ಲಬಾರದು. ನೀರು ಉಳಿದರೆ ಬದನೆ ಹುರಿಯುವ ಬದಲು ಬೇಯುತ್ತದೆ. ಎರಡು ಚಮಚ ಶೇಂಗಾ ಎಣ್ಣೆಗೆ ಉಪ್ಪು, ಅರಿಶಿನ ಬೆರೆಸಿ ಒಳಗೂ ಹೊರಗೂ ಸವರಿ.

ಖಾಲಿ ಯಂತ್ರವನ್ನು 180 ಡಿಗ್ರಿಗೆ ಇಟ್ಟು ಮೂರು ನಿಮಿಷ ಕಾಯಿಸಿ. ಬದನೆಕಾಯಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಏಳು ನಿಮಿಷಕ್ಕೆ ಹೊರಳಿಸಿ, ಮತ್ತೆ ಏಳು ನಿಮಿಷ ಇಡಿ. ಸಿಪ್ಪೆ ಸುಕ್ಕಾಗಿ, ತೊಟ್ಟಿನ ಹತ್ತಿರ ಚಾಕು ಸಲೀಸಾಗಿ ಇಳಿದರೆ ಆಯಿತು. ಯಂತ್ರಕ್ಕೊಂದು ಗುಣ ಇರುತ್ತದೆ, ನಿಮಿಷಕ್ಕಿಂತ ಚಾಕುವಿನ ಪರೀಕ್ಷೆಯನ್ನೇ ನಂಬಿ.

ಅದು ಆಗುವಷ್ಟರಲ್ಲಿ ಅರ್ಧ ಬಟ್ಟಲು ಶೇಂಗಾ, ಎರಡು ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಸ್ವಲ್ಪ ಒಣಕೊಬ್ಬರಿ ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ. ಖಾರಪುಡಿ, ಉಪ್ಪು, ಹುಣಸೆ ರಸ, ಚಿಟಿಕೆ ಬೆಲ್ಲ ಸೇರಿಸಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಈರುಳ್ಳಿ ಒಗ್ಗರಣೆ ಹಾಕಿ. ಮಸಾಲೆ, ಒಂದು ಬಟ್ಟಲು ನೀರು ಹಾಕಿ ಕುದಿಸಿ. ಎಣ್ಣೆ ಮೇಲೆ ತೇಲಿದಾಗ ಬದನೆಕಾಯಿ ಇಳಿಸಿ, ಸೀಳಿನೊಳಗೆ ಮಸಾಲೆ ತುಂಬಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ.

ಹಸಿ ಬದನೆ ಸ್ಪಂಜಿನ ಹಾಗೆ ಎಣ್ಣೆ ಕುಡಿಯುತ್ತದೆ, ಒಳಗೆಲ್ಲ ಗಾಳಿ ತುಂಬಿದ ತಿರುಳು ಅದು. ಮೊದಲೇ ಹುರಿದಾಗ ಆ ತಿರುಳು ಕುಸಿಯುತ್ತದೆ, ಆಮೇಲೆ ಅಷ್ಟು ಕುಡಿಯುವುದಿಲ್ಲ. ಉಳಿತಾಯ ಆಗುವುದು ಇಲ್ಲೇ. ಒಗ್ಗರಣೆಯ ಎಣ್ಣೆಗೆ ಮಾತ್ರ ಕತ್ತರಿ ಹಾಕಬೇಡಿ. ಎರಡು ದೊಡ್ಡ ಚಮಚವಾದರೂ ಇರಲಿ, ಇಲ್ಲದಿದ್ದರೆ ಸಜ್ಜೆ ರೊಟ್ಟಿಗೆ ಹಚ್ಚಿಕೊಂಡಾಗ ರುಚಿ ಸಪ್ಪೆ.

ಶೇಂಗಾ ಹುರಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಎರಡು ಬಟ್ಟಲು ಹಸಿ ಶೇಂಗಾ, ಎಣ್ಣೆ ಬೇಡ. 160 ಡಿಗ್ರಿಯಲ್ಲಿ 12 ನಿಮಿಷ, ನಾಲ್ಕು ನಿಮಿಷಕ್ಕೊಮ್ಮೆ ಬುಟ್ಟಿ ಅಲ್ಲಾಡಿಸಿ. ಬಿಸಿ ಇದ್ದಾಗ ಮೆತ್ತಗೇ ಇರುತ್ತದೆ, ಇನ್ನೂ ಆಗಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡಿ. ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಗರಿಗರಿಯಾಗುತ್ತದೆ. ಆಮೇಲೆ ಸಿಪ್ಪೆ ತೆಗೆದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿಕೊಳ್ಳಿ.

ಮಳೆಗಾಲದಲ್ಲಿ ಮೆತ್ತಗಾದ ಕಟಕ್ ರೊಟ್ಟಿಗೆ (ಒಣಗಿಸಿಟ್ಟ ಗರಿಗರಿ ರೊಟ್ಟಿ) 150 ಡಿಗ್ರಿಯಲ್ಲಿ ಎರಡು ನಿಮಿಷ ಸಾಕು. ಮುರಿದು ಹಾಕಿ, ಮೇಲೊಂದು ಸ್ಟೀಲ್ ಜಾಲರಿ ಇಡಿ. ಫ್ಯಾನ್ ಗಾಳಿಗೆ ಹಗುರವಾದದ್ದು ಹಾರಿ ಕಾಯಿಲ್‌ಗೆ ತಾಗುತ್ತದೆ. ಹಪ್ಪಳ, ಕರಿಬೇವಿಗೂ ಇದೇ ಎಚ್ಚರಿಕೆ.

ಮಂಡಕ್ಕಿ ಒಗ್ಗರಣೆಗೆ ಮೆಣಸಿನಕಾಯಿ ಬೇಕೇ ಬೇಕು ಅನ್ನುವವರಿಗೆ ಹಿಟ್ಟಿನಲ್ಲಿ ಅದ್ದದ ದಾರಿ ಇದೆ. ಖಾರ ಕಡಿಮೆ ಇರುವ ದಪ್ಪ ಮೆಣಸಿನಕಾಯಿ ಸೀಳಿ ಬೀಜ ತೆಗೆಯಿರಿ. ಹುರಿದ ಕಡಲೆ ಹಿಟ್ಟು, ಅಜವಾನ, ಜೀರಿಗೆ, ಉಪ್ಪು, ಹುಣಸೆ ರಸವನ್ನು ಗಟ್ಟಿಯಾಗಿ ಕಲಸಿ ತುಂಬಿ. ಮೇಲೆ ಎಣ್ಣೆ ಸವರಿ 180 ಡಿಗ್ರಿಯಲ್ಲಿ ಎಂಟು ನಿಮಿಷ ಇಡಿ. ಬಜ್ಜಿಯ ರುಚಿ ಬೇರೆ, ಇದರ ರುಚಿಯೇ ಬೇರೆ.

ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ಬುಟ್ಟಿ ಆರಿದ ನಂತರ ಮೆತ್ತನೆ ಸ್ಪಂಜಿನಿಂದ ತೊಳೆಯಿರಿ. ಸ್ಟೀಲ್ ನಾರು ತಾಗಿಸಿದರೆ ನಾನ್‌ಸ್ಟಿಕ್ ಲೇಪನ ಕಿತ್ತು ಬರುತ್ತದೆ. ತಿಂಗಳಿಗೊಮ್ಮೆ ಕಾಯಿಲ್ ಕಡೆಯೂ ನೋಡಿ, ಜಿಡ್ಡು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಬಳಸಿ.